ಜ್ವರ ವಾಸಿಯಾದ ಮೇಲೆ ಕೂದಲು ಉದುರುವುದೇಕೆ?

ಡೆಂಗಿ, ಚಿಕೂನ್‌ಗುನ್ಯಾ, ಕೋವಿಡ್‌ನಂತಹ ವೈರಾಣು ಸೋಂಕಿನಿಂದ ಚೇತರಿಸಿಕೊಂಡ ಎರಡು ಮೂರು ತಿಂಗಳ ಬಳಿಕ ತಲೆಗೂದಲು ಹಿಡಿಹಿಡಿಯಾಗಿ ಉದುರತೊಡಗುವುದು ಹಲವರ ಅನುಭವ. ಮಳೆಗಾಲದಲ್ಲಿ ಡೆಂಗಿ ಬಂದವರಿಗೆ ದಸರಾ, ದೀಪಾವಳಿಯ ಹೊತ್ತಿಗೆ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುವುದರಿಂದ ನೀರು, ಶಾಂಪೂ ಅಥವಾ ಎಣ್ಣೆಯ ಮೇಲೆ ದೋಷ ಹೊರಿಸುವವರೇ ಹೆಚ್ಚು.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಎಂದು ಹೆಸರು. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದನ್ನು ವಿವರಿಸಿದರು.

ಕಾರಣವೇನು?

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಇವುಗಳಲ್ಲಿ ಶೇ. 85ರಿಂದ 90ರಷ್ಟು ಬೆಳವಣಿಗೆಯ ಹಂತದಲ್ಲಿದ್ದು, ಉಳಿದವುಗಳಲ್ಲಿ ಬಹುಪಾಲು ವಿಶ್ರಾಂತಿಯ ಹಂತದಲ್ಲಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತೀವ್ರ ಜ್ವರ ಹಾಗೂ ಸೋಂಕಿನ ಉರಿಯೂತದಿಂದ ದೇಹ ಬಳಲಿದಾಗ ಬೆಳೆಯುತ್ತಿದ್ದ ಅನೇಕ ಕೂದಲುಗಳು ಅವಧಿಗೆ ಮುನ್ನವೇ ವಿಶ್ರಾಂತಿಗೆ ಜಾರುತ್ತವೆ. ಈ ಹಂತ ಸುಮಾರು ಮೂರು ತಿಂಗಳಿನದು. ಅದು ಮುಗಿಯುತ್ತಿದ್ದಂತೆ ಅವೆಲ್ಲವೂ ಒಟ್ಟಾಗಿ ಉದುರುತ್ತವೆ. ಕೋವಿಡ್ ನಂತರ ಕೆಲವರಲ್ಲಿ ಇದು ಇನ್ನೂ ಬೇಗ ಆರಂಭವಾದುದುಂಟು.

ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಗಂಟು ಕಂಡು ಬೇರೇ ಕಿತ್ತುಬಂತೆಂದು ಗಾಬರಿಯಾಗುವುದು ಸ್ವಾಭಾವಿಕ. ಆದರೆ ಕೂದಲನ್ನು ಹುಟ್ಟಿಸುವ ಕೋಶ ಚರ್ಮದೊಳಗೆ ಸುರಕ್ಷಿತವಾಗಿಯೇ ಇರುತ್ತದೆ. ಆದ್ದರಿಂದ ಇದರಿಂದ ತಲೆ ಪೂರ್ತಿ ಬೋಳಾಗುವುದಿಲ್ಲ.

ಏನು ಮಾಡಬೇಕು?

ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಉದುರುವಿಕೆ ತಾನಾಗಿಯೇ ನಿಲ್ಲುತ್ತದೆ. ಹೊಸ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಷ್ಟೇ ಬೆಳೆಯುವುದರಿಂದ ಉದ್ದ ಜಡೆ ಮೊದಲಿನಂತಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾದೀತು.

ಹೆದರಿ ತಲೆಸ್ನಾನ ಬಿಡುವುದು ಸಲ್ಲದು. ಹಾಗೆ ಮಾಡಿದರೆ ಸಡಿಲವಾದ ಕೂದಲು ಸಂಗ್ರಹವಾಗಿ ಒಮ್ಮೆಲೇ ಬಂದು ಭಯ ಹೆಚ್ಚುತ್ತದೆ. ತಲೆ ಬೋಳಿಸಿದರೆ ಕೂದಲು ದಟ್ಟವಾಗುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಬೇಳೆ, ಮೊಳಕೆಕಾಳು, ಸೊಪ್ಪು, ಮೊಟ್ಟೆ, ಮೀನು ಆಹಾರದಲ್ಲಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಅದು ಕುಂಠಿತವಾಗುತ್ತದೆ.

ಬಯೋಟಿನ್ ಮಾತ್ರೆಗಳನ್ನು ಸ್ವಂತವಾಗಿ ನುಂಗುವವರು ಎಚ್ಚರ ವಹಿಸಬೇಕು. ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ಹಾಗೂ ಹೃದಯಾಘಾತ ಪತ್ತೆಯ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಎಚ್ಚರಿಸಿತ್ತು.

ವೈದ್ಯರನ್ನು ಕಾಣುವುದು ಯಾವಾಗ?

ಉದುರುವಿಕೆ ಆರು ತಿಂಗಳು ದಾಟಿದರೆ, ನಾಣ್ಯದಾಕಾರದಲ್ಲಿ ಅಲ್ಲಲ್ಲಿ ಬೋಳಾದರೆ, ನೆತ್ತಿಯಲ್ಲಿ ನೋವು, ಕೆಂಪು ಅಥವಾ ಹೊಟ್ಟು ಕಂಡರೆ, ಬೈತಲೆ ಅಗಲವಾಗುತ್ತಲೇ ಹೋದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಕೂದಲು ಉದುರಬಹುದು. ಇವು ತಾವಾಗಿಯೇ ವಾಸಿಯಾಗುವಂಥವಲ್ಲ. ಮೂರು ತಿಂಗಳ ಹಿಂದೆ ಬಂದಿದ್ದ ಜ್ವರದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿದರೆ ಅನಗತ್ಯ ಚಿಕಿತ್ಸೆಯೂ ಖರ್ಚೂ ತಪ್ಪೀತು.