ಮಧುಮೇಹದ ಅಳತೆ: ಪ್ರಯೋಗಶಾಲೆಯಿಂದ ರೋಗಿಯ ಕೈಗೆ

ವೈದ್ಯಕೀಯದ ಇತಿಹಾಸವನ್ನು ಬಹುಮಟ್ಟಿಗೆ ಔಷಧಗಳ ಇತಿಹಾಸವೆಂದೇ ಬರೆಯುವ ರೂಢಿಯುಂಟು. ಮಧುಮೇಹದ ವಿಷಯದಲ್ಲಾದರೋ ಅಳತೆಯ ಇತಿಹಾಸವೂ ಅಷ್ಟೇ ಮಹತ್ತ್ವದ್ದು. ದೇಹದ ಸಕ್ಕರೆಯನ್ನು ಅಳೆಯುವವರಾರು, ಅಳೆದುದರ ಅರ್ಥವನ್ನು ನಿರ್ಣಯಿಸುವವರಾರು ಎಂಬ ಎರಡು ಪ್ರಶ್ನೆಗಳನ್ನು ನಾವಿಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆ ಗುರುತಿಸಿದೆ. 1776ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ನರು ಆ ಮಾಧುರ್ಯಕ್ಕೆ ಸಕ್ಕರೆಯೇ ಕಾರಣವೆಂದು ತೋರಿಸಿದರು. 20ನೆಯ ಶತಮಾನದ ಆದಿಯಲ್ಲಿ ಬಳಕೆಗೆ ಬಂದ ಬೆನೆಡಿಕ್ಟ್ ದ್ರಾವಣದ ನೀಲಿಯು, ಸಕ್ಕರೆಯಿರುವ ಮೂತ್ರದೊಡನೆ ಕಾಯಿಸಿದಾಗ, ಹಸಿರು, ಹಳದಿ, ಇಟ್ಟಿಗೆಗೆಂಪಿಗೆ ತಿರುಗುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದ ಮೇಲೆಯೇ ಮೂತ್ರದಲ್ಲಿ ತೋರುವುದರಿಂದ, ಆ ಪರೀಕ್ಷೆ ತರುತ್ತಿದ್ದುದು ಅಪೂರ್ಣವೂ ವಿಳಂಬಿತವೂ ಆದ ವರದಿ.

1965ರಲ್ಲಿ ರಕ್ತದ ಹನಿಯಿಂದಲೇ ಬಣ್ಣ ಬದಲಿಸುವ ಡೆಕ್ಸ್‌ಟ್ರೋಸ್ಟಿಕ್ಸ್ ಪಟ್ಟಿಯೂ, ಸುಮಾರು 1970ರಲ್ಲಿ ಆ ಬಣ್ಣವನ್ನು ಅಂಕಿಯಾಗಿಸುವ ಏಮ್ಸ್ ಮಾಪಕವೂ ಬಂದುವು. ಮಾಪಕವನ್ನು ವೈದ್ಯರಿಗೂ ಆಸ್ಪತ್ರೆಗಳಿಗೂ ಮಾತ್ರ ಮಾರುತ್ತಿದ್ದರು. ಇನ್ಸುಲಿನ್ ಅವಲಂಬಿಸಿದ್ದ ಅಮೆರಿಕದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನರು ವೈದ್ಯೆಯಾಗಿದ್ದ ಪತ್ನಿಯ ಮೂಲಕ ಅದನ್ನು ಪಡೆದು ತಮ್ಮ ರಕ್ತವನ್ನು ತಾವೇ ಅಳೆದುಕೊಂಡರು. ಅಳತೆಯ ಅಧಿಕಾರ ಕೈ ಬದಲಾಯಿಸಿದ ಘಟ್ಟವಿದು.

1999ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ, ಚರ್ಮದಡಿಯ ಸಂವೇದಕದ ದಾಖಲೆಯನ್ನು ಅನಂತರ ವೈದ್ಯರೇ ಓದಬೇಕಾಗಿತ್ತು. 2014ರಲ್ಲಿ ಯೂರೋಪಿನಲ್ಲಿ ಬಂದ ಫ್ರೀಸ್ಟೈಲ್ ಲಿಬ್ರೆಯನ್ನು ತೋಳಿಗೆ ಅಂಟಿಸಿಕೊಂಡ ರೋಗಿಯು 14 ದಿನ ತಾನೇ ಓದಬಲ್ಲವನಾದನು. 2010ರಲ್ಲಿ ಎರಡನೆಯ ಬಗೆಯ ಮಧುಮೇಹಕ್ಕೆಂದು ರಚಿತವಾದ ವೆಲ್‌ಡಾಕ್ ಸಂಸ್ಥೆಯ ಮೊಬೈಲ್ ತಂತ್ರಾಂಶಕ್ಕೂ, 2024ರಲ್ಲಿ ಇನ್ಸುಲಿನ್ ಬಳಸದ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಸ್ಟೆಲೋ ಸಂವೇದಕಕ್ಕೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿಯಿತ್ತಿತು. ಚರ್ಮವನ್ನು ಚುಚ್ಚದೆಯೇ ಸಕ್ಕರೆಯನ್ನು ಅಳೆಯುವೆವೆನ್ನುವ ಗಡಿಯಾರ, ಉಂಗುರಗಳನ್ನು ನಂಬಬೇಡಿರೆಂದು ಅದೇ ವರ್ಷ ಅದೇ ಆಡಳಿತ ಎಚ್ಚರಿಸಿದುದನ್ನೂ ನಾವು ಮರೆಯಲಾಗದು.

ಅಳತೆ ರೋಗಿಯ ಕೈಸೇರಿದ ಮಾತ್ರಕ್ಕೆ ರೋಗ ಹತೋಟಿಗೆ ಬಂದೀತೆ? ಇನ್ಸುಲಿನ್ ಬಳಸದ 453 ಮಧುಮೇಹಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸ್ವಯಂ ಅಳತೆಯಿಂದ ಗಣನೀಯ ಸುಧಾರಣೆ ಕಾಣಲಿಲ್ಲ. ಅಂಕಿ ಚಿಕಿತ್ಸೆಯಲ್ಲ, ಊಟ, ನಡಿಗೆ, ಔಷಧಗಳಲ್ಲಿ ಮಾಡಬೇಕಾದ ಬದಲಾವಣೆಗೆ ಅದು ಸೂಚನೆ ಮಾತ್ರ. 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಿಗೆ ಉಪಕರಣ ಕೈಗೆಟುಕಬೇಕು. ಅದರೊಡನೆ ಅಂಕಿಯನ್ನು ಅರ್ಥೈಸುವ ಶಿಕ್ಷಣವೂ ಅವರ ಭಾಷೆಯಲ್ಲಿ ದೊರೆಯಬೇಕು. ಇತಿಹಾಸದ ಮೊದಲ ಪ್ರಶ್ನೆಗೆ ಯಂತ್ರ ಉತ್ತರವಿತ್ತಿದೆ. ಎರಡನೆಯದಕ್ಕೆ ಉತ್ತರವೀಯಬೇಕಾದವರು ವೈದ್ಯರೂ ಅಧ್ಯಾಪಕರೂ ಎಂಬುದು ನಮ್ಮ ಅಭಿಪ್ರಾಯ.