ವೆಂಟಿಲೇಟರ್ ಹೊಂದಾಣಿಕೆಯ ಇತಿಹಾಸ

ತಾನಾಗಿ ಉಸಿರಾಡಲಾಗದ ರೋಗಿಗೆ ವೆಂಟಿಲೇಟರ್ ಎಷ್ಟು ಗಾಳಿಯನ್ನು, ಎಷ್ಟು ಒತ್ತಡದಲ್ಲಿ, ನಿಮಿಷಕ್ಕೆ ಎಷ್ಟು ಸಲ ಕೊಡಬೇಕೆಂಬುದನ್ನು ಅವರವರ ಎತ್ತರ, ಕಾಯಿಲೆ ಮತ್ತು ಶ್ವಾಸಕೋಶದ ಸ್ಥಿತಿ ನೋಡಿ ಗೊತ್ತುಮಾಡುವ ವಿಧಾನವೇ ವೆಂಟಿಲೇಟರ್ ಹೊಂದಾಣಿಕೆ.

ಆರಂಭ: 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹರಡಿದಾಗ ವೈದ್ಯ ಬ್ಯೋರ್ನ್ ಇಬ್ಸೆನ್, ಗಂಟಲಿಗೆ ಕೊಳವೆ ಹಾಕಿಸಿ ಕೈಯಿಂದ ಚೀಲ ಒತ್ತಿ ಉಸಿರು ಕೊಡುವ ಕ್ರಮ ತಂದರು. ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿದರು. ಅಲ್ಲಿನ ಇನ್ನೊಬ್ಬ ವೈದ್ಯ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆ ಅಳೆದು, ಕೊಟ್ಟ ಉಸಿರು ಸಾಕೇ ಎಂದು ಹೇಳತೊಡಗಿದರು.

ಕಡಿಮೆ ಗಾಳಿಯ ಪಾಠ: ದೊಡ್ಡ ಉಸಿರು ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಬಹುಕಾಲ ಇತ್ತು. 861 ರೋಗಿಗಳ ಅಮೆರಿಕದ ಅಧ್ಯಯನ 2000ದಲ್ಲಿ ಅದನ್ನು ತಿದ್ದಿತು. ಶ್ವಾಸಕೋಶ ತೀವ್ರವಾಗಿ ಹಾಳಾದವರಿಗೆ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ. ಗಾಳಿ ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಎತ್ತರದಿಂದ ಅಂದಾಜಿಸಿದ ತೂಕ. ಮೈ ದಪ್ಪವಾದರೂ ಶ್ವಾಸಕೋಶ ಹಿಗ್ಗುವುದಿಲ್ಲ. 160 ಸೆಂ.ಮೀ. ಎತ್ತರದ, 80 ಕಿಲೋ ತೂಕದ ಮಹಿಳೆಗೆ ಈ ಲೆಕ್ಕದಲ್ಲಿ ಸುಮಾರು 315 ಮಿ.ಲೀ. ಸಾಕು, ತಕ್ಕಡಿಯ ತೂಕ ಹಿಡಿದರೆ 480 ಮಿ.ಲೀ. ನುಗ್ಗುತ್ತದೆ.

ಮುಂದಿನ ಹೆಜ್ಜೆ: ಮಕಾಡೆ ಮಲಗಿಸಿ ಉಸಿರು ಕೊಡುವುದರಿಂದ ತೀವ್ರ ಸ್ಥಿತಿಯವರು ಹೆಚ್ಚು ಬದುಕುತ್ತಾರೆಂದು 2013ರ ಫ್ರಾನ್ಸ್ ಅಧ್ಯಯನ ತೋರಿಸಿತು. ಸ್ಕ್ಯಾನ್ ನೋಡಿ ವಿಧಾನ ಆರಿಸಿದ 2019ರ ಮತ್ತೊಂದು ಅಧ್ಯಯನದಲ್ಲಿ ಒಟ್ಟಾರೆ ಸಾವು ತಗ್ಗಲಿಲ್ಲ. ಶ್ವಾಸಕೋಶದ ಬಗೆಯನ್ನು ತಪ್ಪಾಗಿ ಗುರುತಿಸಿದವರಲ್ಲಿ ಹಾನಿಯೇ ಕಂಡಿತು.

ರಾಯಚೂರು ಸೀಮೆಯಲ್ಲಿ: ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಇಂಥ ಬೇಸಾಯದ ಸೀಮೆಗಳಲ್ಲಿ ಹಾವು ಕಡಿತ, ಕ್ರಿಮಿನಾಶಕದ ವಿಷ ಎರಡೂ ಉಸಿರು ಕಸಿಯುತ್ತವೆ. ಕಟ್ಟುಹಾವಿನ ನಂಜು ಉಸಿರಾಟದ ಸ್ನಾಯುಗಳನ್ನು ಸ್ತಬ್ಧಗೊಳಿಸಿದರೂ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ. ಕ್ರಿಮಿನಾಶಕ ದೇಹಕ್ಕೆ ಸೇರಿದವರ ಶ್ವಾಸನಾಳದಲ್ಲಿ ಕಫ ತುಂಬಿ, ಸ್ನಾಯುಗಳೂ ಸೋಲುತ್ತವೆ; ಕಫ ಎಳೆಯದೆ ಬರೀ ಒತ್ತಡ ಏರಿಸಿದರೆ ಪ್ರಯೋಜನವಿಲ್ಲ. ಉಬ್ಬಸದವರಿಗೆ ಗಾಳಿ ಹೊರಹೋಗಲು ಹೆಚ್ಚು ಸಮಯ ಬಿಡಬೇಕು. ಒಂದೇ ಯಂತ್ರದಲ್ಲಿ ಮೂವರಿಗೂ ಮೂರು ಹೊಂದಾಣಿಕೆ.

2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸದ ವೆಂಟಿಲೇಟರ್‌ಗಳನ್ನು ಬೆಂಗಳೂರಿನ ಬಿಇಎಲ್ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಯಂತ್ರ ಬಂದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ದಾಖಲಾದ ಕೂಡಲೇ ಟೇಪು ಹಿಡಿದು ಎತ್ತರ ಅಳೆಯುವುದು, ಆಗಾಗ ರಕ್ತಪರೀಕ್ಷೆ ನೋಡಿ ಗುಂಡಿ ತಿರುವುವುದು, ಇದಕ್ಕೆ ತರಬೇತಾದ ದಾದಿಯರು ರಾತ್ರಿ ಪಾಳಿಯಲ್ಲೂ ಇರುವುದು ತಾಲ್ಲೂಕು ಆಸ್ಪತ್ರೆಗೂ ಅಷ್ಟೇ ಅಗತ್ಯ.