ಬೆಳೆಯನ್ನು ಹುಡುಕಿಕೊಂಡು ಬಂದ ಹುಳು

ನಮ್ಮ ಗುಂಪಿನಲ್ಲಿ ಹಾವೇರಿ ಕಡೆಯವರಿಗೆ ಅದು ಗೋವಿನಜೋಳ, ಮೈಸೂರು ಕಡೆಯವರಿಗೆ ಮುಸುಕಿನ ಜೋಳ. ಏನೇ ಕರೆದರೂ ಮೆಕ್ಕೆಜೋಳದ ತವರು ಮೆಕ್ಸಿಕೊ. ಸೋಮನಾಥಪುರದ 13ನೇ ಶತಮಾನದ ಶಿಲ್ಪಗಳ ಕೈಯಲ್ಲಿರುವುದು ಇದರದೇ ತೆನೆ ಎಂದು 1989ರಲ್ಲಿ ಕಾರ್ಲ್ ಜೋಹಾನೆಸನ್ ವಾದಿಸಿದ್ದರು. ಅದು ಮುತ್ತಿನ ಮುಕ್ತಾಫಲ ಎಂದು ನಮ್ಮ ವಿಜ್ಞಾನಿಗಳು ಉತ್ತರ ಕೊಟ್ಟರು. ನಮಗೂ ಅದೇ ಸರಿಯೆನಿಸುತ್ತದೆ. ಕೊಲಂಬಸನ ಯಾನಕ್ಕೆ ಮೊದಲು ಈ ಬೆಳೆ ಇಲ್ಲಿಗೆ ಬಂದಿದ್ದಕ್ಕೆ ಗಟ್ಟಿ ಪುರಾವೆಯಿಲ್ಲ.

ಹೊಲ ತುಂಬಿದ್ದು ತೀರಾ ಈಚೆಗೆ. 1957ರಲ್ಲಿ ಅಖಿಲ ಭಾರತ ಮಟ್ಟದ ಮೆಕ್ಕೆಜೋಳ ಸುಧಾರಣಾ ಯೋಜನೆ ಶುರುವಾಯಿತು. 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಹೈಬ್ರಿಡ್‌ಗಳು ಬಂದವು. ಇಳುವರಿ ಏರಿತು, ನಿಜ. ಆದರೆ ಹೈಬ್ರಿಡ್‌ನ ಕಾಳನ್ನೇ ಮರಳಿ ಬಿತ್ತಿದರೆ ಆ ಫಸಲು ಬರದು. ಮನೆಯ ಬೀಜದ ಗಡಿಗೆ ಮೂಲೆ ಸೇರಿತು, ಪ್ರತಿ ಮುಂಗಾರಿಗೂ ಅಂಗಡಿಯ ಚೀಲ ಬೇಕಾಯಿತು. ಜೋಳ, ರಾಗಿ ಇದ್ದಲ್ಲಿ ಕೋಳಿ ಆಹಾರಕ್ಕೆ ಹೋಗುವ ಕಾಳು ನಿಂತಿತು. ಧಾರಣೆ ಬಿದ್ದ ವರ್ಷ ಅದನ್ನು ಮನೆಯವರೇ ಉಂಡು ಮುಗಿಸುವಂತಿಲ್ಲ.

2018ರ ಮೇನಲ್ಲಿ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿತು, ದೇಶದಲ್ಲೇ ಮೊದಲು. ಅದರ ತವರೂ ಅಮೆರಿಕ ಖಂಡವೇ! 2016ರಲ್ಲಿ ಆಫ್ರಿಕಾ, ಎರಡೇ ವರ್ಷಕ್ಕೆ ನಮ್ಮ ಹೊಲ. ಸುಳಿಯೊಳಗೆ ಕೂತು ಮೇಯುವ ಇದಕ್ಕೆ ಮೇಲಿಂದ ಹೊಡೆದ ಔಷಧಿ ಸರಿಯಾಗಿ ತಾಗದು. ಅಕ್ಕಿ ತೌಡು, ಬೆಲ್ಲ ಕಲಸಿ ಒಂದು ದಿನ ಹುಳಿಯಲು ಬಿಟ್ಟು, ವಿಷ ಬೆರೆಸಿ, ಸಂಜೆ ಹೊತ್ತು ಸುಳಿ ಸುಳಿಗೂ ಹಾಕಬೇಕು. 60 ಸೆಂ.ಮೀ. ಸಾಲಿನಲ್ಲಿ 20 ಸೆಂ.ಮೀ.ಗೊಂದು ಗಿಡವಿದ್ದರೆ ಎಕರೆಗೆ 33 ಸಾವಿರಕ್ಕೂ ಹೆಚ್ಚು ಸುಳಿ. ಹಾಕುವವರು ಗಂಡ, ಹೆಂಡತಿ ಇಬ್ಬರೇ.